ಆಪರೇಷನ್ ಆಯ್ತಲ್ಲ, ಇನ್ನೇನು?

(ತಲೆಯಲ್ಲಿ ಕಟ್ಟಿಕೊಳ್ಳುವ ನೀರನ್ನು ಹೊಟ್ಟೆಗೆ ಇಳಿಸುವ ಪೈಪ್, ಅಂದರೆ ಶಂಟ್, ಹಾಕಿಸಿಕೊಂಡವರು ಮತ್ತು ಅವರ ಮನೆಯವರು ಮೈಸೂರಿನಲ್ಲಿ ಸೇರಿದ್ದಾಗ ನಾನು ಆಡಿದ ಮಾತು ಇದು. ಅವತ್ತು ಬರಲಾಗದವರಿಗೂ ಸಿಗಲಿ ಅಂತ ಬರೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರೆಲ್ಲ ಒಂದು ಮಾತು ಕೇಳಿಯೇ ಕೇಳಿರುತ್ತೀರಿ. "ಆಪರೇಷನ್ ಆಯ್ತಲ್ಲ, ಇನ್ನೇನು?" ನೆಂಟರು ಕೇಳುತ್ತಾರೆ, ಮೇಷ್ಟ್ರು ಕೇಳುತ್ತಾರೆ, ಕೆಲಸ ಕೊಟ್ಟವರು ಕೇಳುತ್ತಾರೆ. ನಮ್ಮ ಮಂಡ್ಯದ ಕಡೆ ದೊಡ್ಡವ್ವಂದಿರು ಒಂದು ಹೆಜ್ಜೆ ಮುಂದೆ ಹೋಗಿ, "ತಲೆ ಆಪ್ರೇಸನ್ನೇ ಆಗೋಯ್ತು, ಈಗ ಚೆಂದಾಗವ್ಳೆ ಬುಡಿ" ಅಂತ ನಮ್ಮ ಪರವಾಗಿ ತಾವೇ ಉತ್ತರ ಕೊಟ್ಟುಬಿಡುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಆ ಮಾತಿನಿಂದ ನಮಗೆ ಆಗುವ ನಷ್ಟ ದೊಡ್ಡದು. ಶಂಟ್ ಜೀವ ಉಳಿಸುತ್ತದೆ, ರೋಗವನ್ನು ವಾಸಿ ಮಾಡುವುದಿಲ್ಲ. ಉಳಿದ ಜೀವ ದಿನಾ ಹೇಗೆ ನಡೆಯಬೇಕು ಅನ್ನೋದಕ್ಕೂ ಒಂದು ಚಿಕಿತ್ಸೆ ಬೇಕು. ಆ ಚಿಕಿತ್ಸೆ ಮುಕ್ಕಾಲು ಪಾಲು ನಡೆಯುವುದು ಮನೆಯಲ್ಲಿ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ. ಅದಕ್ಕೇ ಇವತ್ತು ಡಾಕ್ಟರುಗಳಿಗಿಂತ ಜಾಸ್ತಿ ಮನೆಯವರ ಹತ್ತಿರ ಮಾತಾಡಬೇಕು ಅಂತ ಬಂದಿದ್ದೇನೆ.

ನನ್ನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಊರು ಮದ್ದೂರು ತಾಲ್ಲೂಕು. ಈಗ ಮೈಸೂರಿನಲ್ಲಿದ್ದೇನೆ, ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಹೈಸ್ಕೂಲಿನಲ್ಲಿದ್ದಾಗ ಟಿ.ಬಿ. ಮಿದುಳಿನ ಪೊರೆಗೆ ಬಂತು. ಟಿ.ಬಿ. ಅಂದರೆ ಕೆಮ್ಮು ಅಂತಲೇ ಮನೆಯಲ್ಲಿ ಎಲ್ಲರೂ ತಿಳಿದಿದ್ದರು, ನನಗೆ ಕೆಮ್ಮೇ ಇರಲಿಲ್ಲ. ಜ್ವರ, ತಲೆನೋವು, ವಾಂತಿ, ಆಮೇಲೆ ಮಂಪರು. ತಲೆಯಲ್ಲಿ ನೀರು ಕಟ್ಟಿಕೊಂಡಿತ್ತು, ಪೈಪ್ ಹಾಕಿದರು. ಮುಂದೆ ಆ ಪೈಪ್ ಕಟ್ಟಿಕೊಂಡು ಬದಲಾಯಿಸಿದರು, ಇನ್ನೊಮ್ಮೆ ಸೋಂಕಾಗಿ ಪೂರ್ತಿ ತೆಗೆದು, ಸೋಂಕು ವಾಸಿಯಾದ ಮೇಲೆ ಇನ್ನೊಂದು ಬದಿಯಲ್ಲಿ ಹೊಸದು ಹಾಕಿದರು. ಈಗ ನನ್ನ ಎಡಗಣ್ಣು ಬಹುತೇಕ ಮಂಜು. ಆಗಾಗ ಫಿಟ್ಸ್ ಬರುತ್ತದೆ. ಕತ್ತಲಲ್ಲಿ ನಡೆದರೆ ಆಯ ತಪ್ಪುತ್ತದೆ. ಹೊಸ ವಿಷಯ ತಲೆಯಲ್ಲಿ ನಿಲ್ಲುವುದಿಲ್ಲ. ಮತ್ತೆ ಸುಸ್ತು. ಸುಸ್ತಿನ ಬಗ್ಗೆ ಆಮೇಲೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರೂ ಕೇಳುವುದಿಲ್ಲ.

ನಮ್ಮ ದೇಶದಲ್ಲಿ ಶಂಟ್ ಬೇಕಾಗುವುದಕ್ಕೆ ಟಿ.ಬಿ. ಒಂದು ಮುಖ್ಯ ಕಾರಣ. ಚಿಕ್ಕ ಮಕ್ಕಳಲ್ಲಿ ಬೇರೆ ಕಾರಣಗಳಿವೆ. ಹುಟ್ಟುವಾಗಲೇ ನೀರಿನ ದಾರಿ ಕಿರಿದಾಗಿರಬಹುದು, ಬೆನ್ನುಮೂಳೆ ಸರಿಯಾಗಿ ಮುಚ್ಚದೆ ಹುಟ್ಟಿರಬಹುದು, ತಿಂಗಳು ತುಂಬದೆ ಹುಟ್ಟಿ ಮಿದುಳಿನೊಳಗೆ ರಕ್ತಸ್ರಾವ ಆಗಿರಬಹುದು. ದೊಡ್ಡವರಿಗೆ ಗಡ್ಡೆ, ತಲೆಗೆ ಏಟು. ಇಲ್ಲಿ ಕೂತಿರುವ ಅಮ್ಮಂದಿರಿಗೆ ಒಂದು ಮಾತು. ಬಸುರಿಯಲ್ಲಿ ನೀವು ಏನೋ ತಿಂದಿದ್ದಕ್ಕೆ, ಗ್ರಹಣ ನೋಡಿದ್ದಕ್ಕೆ ಇದು ಬಂದಿದ್ದಲ್ಲ. ಯಾರಾದರೂ ಹಾಗಂದರೆ ನಂಬಬೇಡಿ.

ಪೈಪ್ ಮಾಡುವ ಕೆಲಸ ಏನು ಅಂತ ಒಂದು ಸಲ ನೋಡಿಬಿಡೋಣ. ಮಿದುಳಿನ ಒಳಗೆ ನಾಲ್ಕು ಪೊಳ್ಳು ಜಾಗಗಳಿವೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿ.ಲೀ. ತಿಳಿನೀರು ಅಲ್ಲಿ ಹುಟ್ಟುತ್ತದೆ. ಆದರೆ ಯಾವುದೇ ಹೊತ್ತಿನಲ್ಲಿ ತಲೆ, ಬೆನ್ನುಹುರಿ ಎರಡೂ ಸೇರಿ ಇರುವುದು ಸುಮಾರು 150 ಮಿ.ಲೀ. ಮಾತ್ರ. ಅಂದರೆ ದಿನಕ್ಕೆ ಮೂರು ಸಲಕ್ಕೂ ಜಾಸ್ತಿ ಹಳೆಯದು ಹೋಗಿ ಹೊಸದು ಬರಬೇಕು. ಹೋಗುವ ದಾರಿ ಮುಚ್ಚಿದರೂ ಹುಟ್ಟುವುದು ನಿಲ್ಲುವುದಿಲ್ಲ. ಪೈಪ್ ಕಟ್ಟಿಕೊಂಡ ಅನುಮಾನ ಬಂದಾಗ "ನಾಳೆ ನೋಡೋಣ" ಅಂತ ಯಾಕೆ ಅನ್ನಬಾರದು ಅನ್ನೋದಕ್ಕೆ ಇಷ್ಟು ಲೆಕ್ಕ ಸಾಕು. ಪೈಪಿನ ಒಂದು ತುದಿ ಮಿದುಳಿನ ಪೊಳ್ಳು ಜಾಗದಲ್ಲಿ. ಕಿವಿಯ ಹಿಂದೆಯೋ ಮೇಲೋ ಚರ್ಮದ ಕೆಳಗೆ ಒಂದು ಕವಾಟ. ಅಲ್ಲಿಂದ ಕುತ್ತಿಗೆ, ಎದೆ ದಾಟಿ ಇನ್ನೊಂದು ತುದಿ ಹೊಟ್ಟೆಗೆ. ಅಲ್ಲಿ ಕರುಳಿನ ಸುತ್ತಲಿನ ಪೊರೆ ಆ ನೀರನ್ನು ಹೀರಿಕೊಳ್ಳುತ್ತದೆ. ಊಟದ ಜೊತೆ ಬೆರೆತುಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ, ಹಾಗಲ್ಲ.

ನಮ್ಮ ಕಡೆಯವರಿಗೆ ನಾಲೆ, ತೂಬು ಗೊತ್ತು. ತೂಬು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಅಂತ ನೋಡಿಕೊಳ್ಳಲು ನೀರುಗಂಟಿ ಇರುತ್ತಾನೆ. ಮಳೆ ಬಂದರೆ ಇಳಿಸುತ್ತಾನೆ, ಪೈರು ಒಣಗಿದರೆ ಎತ್ತುತ್ತಾನೆ. ನಮ್ಮ ತಲೆಯ ತೂಬಿಗೆ ನೀರುಗಂಟಿ ಇಲ್ಲ. ಅದಕ್ಕೆ ಗೊತ್ತಿರುವುದು ಒತ್ತಡ ಒಂದೇ. ನೀವು ಮಲಗಿದ್ದೀರಾ, ನಿಂತಿದ್ದೀರಾ, ಮಗು ಬೆಳೆದಿದೆಯಾ, ಹೊಟ್ಟೆ ಕಟ್ಟಿದೆಯಾ, ಅದಕ್ಕೆ ಗೊತ್ತಾಗುವುದಿಲ್ಲ. ನಿಂತಾಗ ನೀರು ಜಾಸ್ತಿ ಇಳಿಯುವುದನ್ನು ತಡೆಯುವ ಕವಾಟಗಳು ಬಂದಿವೆ, ಹೊರಗಿನಿಂದ ಆಯಸ್ಕಾಂತದಿಂದ ಒತ್ತಡ ಹೊಂದಿಸುವ ಕವಾಟಗಳೂ ಬಂದಿವೆ. ಅವೂ ಪೂರ್ತಿ ಮಿದುಳಿನ ಕೆಲಸ ಮಾಡಲಾರವು. ಹಾಗಾಗಿ ಕೆಲವರಿಗೆ ನೀರು ಕಮ್ಮಿ ಇಳಿಯುತ್ತದೆ, ಕೆಲವರಿಗೆ ಜಾಸ್ತಿ ಇಳಿಯುತ್ತದೆ, ಕೆಲವರಿಗೆ ಒಂದೊಂದು ದಿನ ಒಂದೊಂದು ಥರ.

ಈ ಕವಾಟ ಹುಟ್ಟಿದ್ದು ಒಬ್ಬ ಅಪ್ಪನ ಸಂಕಟದಿಂದ ಅಂತ ನಿಮಗೆ ಗೊತ್ತಿರಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಹೋಲ್ಟರ್ ಅಂತ ಒಬ್ಬ ಯಂತ್ರ ಕೆಲಸದವನಿದ್ದ. 1955ರಲ್ಲಿ ಅವನ ಮಗ ಬೆನ್ನುಮೂಳೆಯ ತೊಂದರೆಯಿಂದ ಹುಟ್ಟಿದ, ತಲೆಯಲ್ಲಿ ನೀರು ತುಂಬಿತು. ಆಗ ಇದ್ದ ಕವಾಟಗಳು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಡಾಕ್ಟರ್ ಯೂಜಿನ್ ಸ್ಪಿಟ್ಜ್ ಜೊತೆ ಸೇರಿ ಹೋಲ್ಟರ್ ಸಿಲಿಕೋನಿನ ಕವಾಟ ಮಾಡಿದ, 1956ರಿಂದ ಅದು ಮಕ್ಕಳಿಗೆ ಬಳಕೆಗೆ ಬಂತು. ಅವನ ಮಗು ಬಾಲ್ಯದಲ್ಲೇ ತೀರಿಕೊಂಡಿತು. ಕವಾಟ ಲೋಕದ ಮಕ್ಕಳಿಗೆಲ್ಲ ಸಿಕ್ಕಿತು. ನಾನು ಇದನ್ನು ಹೇಳುವುದು ಯಾಕೆಂದರೆ, ಅಪ್ಪ ಅಮ್ಮಂದಿರು ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳಿದರೆ "ನಿಮಗೇನು ಗೊತ್ತಾಗುತ್ತೆ" ಅಂತ ಗದರಿಸಿಕೊಳ್ಳುವುದನ್ನು ನೋಡಿದ್ದೇನೆ. ಈ ಸಾಧನವೇ ಒಬ್ಬ ಅಪ್ಪ ಪ್ರಶ್ನೆ ಕೇಳಿದ್ದರಿಂದ ಬಂದಿದ್ದು. ನೀವೂ ಕೇಳಿ.

ಇನ್ನೊಂದು ಕೊರಗು ನಮ್ಮಲ್ಲಿ ಬಹಳ ಮನೆಗಳಲ್ಲಿದೆ. "ದುಡ್ಡಿದ್ದಿದ್ದರೆ ಫಾರಿನ್ ಪೈಪ್ ಹಾಕಿಸುತ್ತಿದ್ದೆವು, ಮಗು ಚೆನ್ನಾಗಿರುತ್ತಿತ್ತು." ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಎಷ್ಟೋ ಜನರಿಗೆ ಹಾಕಿದ್ದಾರೆ. ಆಫ್ರಿಕಾದ ಉಗಾಂಡಾದಲ್ಲಿ ಬೆಂಜಮಿನ್ ವಾರ್ಫ್ ಅನ್ನುವ ಡಾಕ್ಟರ್ ಈ ಅಗ್ಗದ ಶಂಟನ್ನೂ ಹತ್ತಾರು ಪಟ್ಟು ಬೆಲೆಯ ಇನ್ನೊಂದನ್ನೂ 195 ಮಕ್ಕಳಲ್ಲಿ ಹೋಲಿಸಿ ನೋಡಿದರು. 2005ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಕೊರಗನ್ನು ದಯವಿಟ್ಟು ಬಿಡಿ.

ಹಾಗಾದರೆ ಪೈಪ್ ಯಾಕೆ ಕೆಡುತ್ತದೆ? ಯಾರ ತಪ್ಪೂ ಇಲ್ಲದೆ ಕೆಡುತ್ತದೆ. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ 100ಕ್ಕೆ ಸುಮಾರು 40 ಮೊದಲ ವರ್ಷದಲ್ಲೇ ಕೈಕೊಡುತ್ತವೆ, ಎರಡು ವರ್ಷದಲ್ಲಿ ಅರ್ಧದಷ್ಟು. ಮುಂದುವರಿದ ದೇಶಗಳ ಒಳ್ಳೊಳ್ಳೆಯ ಆಸ್ಪತ್ರೆಗಳ ಲೆಕ್ಕ ಇದು. ಮಿದುಳಿನ ತುದಿಯಲ್ಲಿ ಅಂಗಾಂಶ ಬೆಳೆದು ತೂತು ಮುಚ್ಚುತ್ತದೆ, ಕುತ್ತಿಗೆಯ ಹತ್ತಿರ ಹಳೆಯ ಪೈಪ್ ಗಟ್ಟಿಯಾಗಿ ಮುರಿಯುತ್ತದೆ, ಮಗು ಉದ್ದ ಬೆಳೆದು ಕೆಳಗಿನ ತುದಿ ಮೇಲೆ ಬಂದುಬಿಡುತ್ತದೆ, ಹೊಟ್ಟೆಯಲ್ಲಿ ನೀರಿನ ಚೀಲ ಕಟ್ಟಿಕೊಳ್ಳುತ್ತದೆ. ಸೋಂಕು ಸಾಮಾನ್ಯವಾಗಿ ಆಪರೇಷನ್ ಆದ ಮೊದಲ ಕೆಲವು ತಿಂಗಳಲ್ಲೇ ಬರುತ್ತದೆ. ಬ್ರಿಟನ್ನಿನಲ್ಲಿ 1,600ಕ್ಕೂ ಹೆಚ್ಚು ಜನರ ಮೇಲೆ ನಡೆದ ಒಂದು ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಮಾಮೂಲಿ ಪೈಪಿನಲ್ಲಿ ಸೋಂಕು 100ಕ್ಕೆ 6, ಆ್ಯಂಟಿಬಯಾಟಿಕ್ ಸೇರಿಸಿದ ಪೈಪಿನಲ್ಲಿ 2. ಇನ್ನು ಮುಂದೆ ಪೈಪ್ ಹಾಕಿಸುವವರು, ಬದಲಾಯಿಸುವವರು ಇದು ಸಿಗುತ್ತದಾ ಅಂತ ಡಾಕ್ಟರನ್ನು ಕೇಳಿ.

ಈಗ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಮೊದಲ ಸಲ ಪೈಪ್ ಕಟ್ಟಿಕೊಂಡಾಗ ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ. ವಾಂತಿ ಆದ ಮೇಲೆ ಸ್ವಲ್ಪ ಹಗುರ. ಮಧ್ಯಾಹ್ನಕ್ಕೆ ಓಡಾಡಿಕೊಂಡಿರುತ್ತಿದ್ದೆ. ಅಪ್ಪ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪರೀಕ್ಷೆ ಹತ್ತಿರ ಬಂದಿದೆ, ಟೆನ್ಷನ್, ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ಪೈಪ್ ಇದೆ ಅಂತ ಅಮ್ಮ ಹೇಳಿದರೂ, "ಅದು ಆಗಿ ಸುಮಾರು ದಿನ ಆಯ್ತಲ್ಲಮ್ಮಾ" ಅಂದರು. ಹಾಗೇ ದಿನ ಕಳೆದವು. ತಲೆಯೊಳಗಿನ ಒತ್ತಡ ಕಣ್ಣಿನ ನರವನ್ನು ಹಿಂದಿನಿಂದ ಒತ್ತುತ್ತದೆ, ನರ ಊದಿಕೊಳ್ಳುತ್ತದೆ, ಬಹಳ ದಿನ ಹಾಗೇ ಬಿಟ್ಟರೆ ಒಣಗಿಹೋಗುತ್ತದೆ. ಒಣಗಿದ ನರ ಮತ್ತೆ ಚಿಗುರುವುದಿಲ್ಲ. ಪೈಪ್ ಬದಲಾಯಿಸಿದ ಮೇಲೆ ತಲೆನೋವು ಹೋಯಿತು, ಎಡಗಣ್ಣು ಬರಲಿಲ್ಲ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಶಂಟ್ ಇರುವವರಿಗೆ ಬೆಳಗಿನ ತಲೆನೋವು, ವಾಂತಿ ಬಂದರೆ ಪಿತ್ತ ಅನ್ನಬೇಡಿ. ದೃಷ್ಟಿ ಆಗಿದೆ ಅನ್ನಿಸಿದರೆ ತೆಗೆಯಿರಿ, ಬೇಡ ಅನ್ನುವುದಿಲ್ಲ, ಆದರೆ ಅದಕ್ಕೆ ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಬೇಡಿ. ಎಬ್ಬಿಸಿದರೂ ಸರಿಯಾಗಿ ಏಳದಷ್ಟು ಮಂಪರು, ಹೊಸದಾಗಿ ಮಾಲುಗಣ್ಣು, ಒಂದು ವಸ್ತು ಎರಡಾಗಿ ಕಾಣುವುದು, ಫಿಟ್ಸ್ ಇದ್ದಕ್ಕಿದ್ದಂತೆ ಜಾಸ್ತಿಯಾಗುವುದು, ಪೈಪಿನ ದಾರಿಯಲ್ಲಿ ಚರ್ಮ ಕೆಂಪಾಗುವುದು, ಕಾರಣ ಗೊತ್ತಾಗದ ಜ್ವರ, ಬಿಡದ ಹೊಟ್ಟೆನೋವು. ಕೂಸಾದರೆ ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿದ ಹಾಗೆ ಕಾಣುತ್ತದೆ. ಇದರಲ್ಲಿ ಯಾವುದು ಕಂಡರೂ ಅವತ್ತೇ ಹೋಗಬೇಕು. ಶಾಲೆಗೆ ಹೋಗುವ ಮಗು ಇದ್ದಕ್ಕಿದ್ದಂತೆ ಓದಿನಲ್ಲಿ ಹಿಂದೆ ಬಿದ್ದರೆ, ಸಿಡುಕಿದರೆ ಅದನ್ನೂ ಡಾಕ್ಟರಿಗೆ ಹೇಳಿ. ನಿಧಾನವಾಗಿ ಕಟ್ಟಿಕೊಳ್ಳುವ ಪೈಪ್ ಕೆಲವು ಸಲ ಹಾಗೇ ಗೊತ್ತಾಗುವುದು.

ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಹನಿ ಹಾಕಿ ನರ ನೋಡಿಸಿ. ಇದು ಸ್ಕ್ಯಾನಿಂಗ್ ಥರ ದೊಡ್ಡ ಖರ್ಚಲ್ಲ, ಮಂಡ್ಯದಲ್ಲೂ ಆಗುತ್ತದೆ. ಒಂದು ಎಚ್ಚರ ಮಾತ್ರ. ನರ ಊದಿದ್ದರೆ ಒತ್ತಡ ಇದೆ ಅಂತ ಅರ್ಥ, ಊದಿಲ್ಲ ಅಂದ ಮಾತ್ರಕ್ಕೆ ಪೈಪ್ ಸರಿ ಇದೆ ಅಂತ ಅರ್ಥವಲ್ಲ.

ಚೆನ್ನಾಗಿದ್ದಾಗ ತೆಗೆದ ಸ್ಕ್ಯಾನ್ ಒಂದು ನಿಮ್ಮ ಹತ್ತಿರ ಇರಲೇಬೇಕು. ನಾನು ಎಲ್ಲ ಕಡೆ ಹೇಳುವ ಮಾತು ಇದು. ಶಂಟ್ ಇರುವವರ ಮಿದುಳಿನ ಪೊಳ್ಳು ಜಾಗ ಕೆಲವರಲ್ಲಿ ಯಾವಾಗಲೂ ದೊಡ್ಡದಾಗೇ ಇರುತ್ತದೆ, ಕೆಲವರಲ್ಲಿ ಗೆರೆಯಷ್ಟು ಸಣ್ಣದಾಗಿರುತ್ತದೆ, ಪೈಪ್ ಕಟ್ಟಿಕೊಂಡರೂ ಕೆಲವರಲ್ಲಿ ಹಿಗ್ಗುವುದೇ ಇಲ್ಲ. ರಾತ್ರಿ ಹನ್ನೊಂದಕ್ಕೆ ನಿಮ್ಮನ್ನು ಮೊದಲ ಸಲ ನೋಡುವ ಡಾಕ್ಟರು ಇವತ್ತಿನ ಸ್ಕ್ಯಾನ್ ಒಂದನ್ನೇ ನೋಡಿ ಏನು ಹೇಳಬೇಕು? ಹಳೆಯದು ಪಕ್ಕದಲ್ಲಿದ್ದರೆ ಅವರಿಗೆ ಹೋಲಿಸಲು ಬರುತ್ತದೆ. ಫಿಲ್ಮ್ ಬೀರುವಿನಲ್ಲಿರಲಿ, ಅದರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಲಿ. ಜೊತೆಗೆ ಡಿಸ್ಚಾರ್ಜ್ ಕಾಗದ, ಕವಾಟದ ಹೆಸರು, ಹೊಂದಿಸುವ ಕವಾಟವಾದರೆ ಅದನ್ನು ಎಷ್ಟಕ್ಕೆ ಇಟ್ಟಿದ್ದಾರೆ ಅನ್ನೋದು. ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ., ಬೆಂಗಳೂರಿಗೆ ಸುಮಾರು 100. ಮಂಡ್ಯದ ಮಿಮ್ಸ್ ಆಸ್ಪತ್ರೆಯಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಿದಾಗ ಹೆದ್ದಾರಿ ಚೆನ್ನಾಗಿದೆ, ಬೇಗ ತಲುಪುತ್ತೀರಿ. ಕಾಗದ ಮನೆಯಲ್ಲಿ ಬಿಟ್ಟು ಹೋದರೆ ಬೇಗ ತಲುಪಿ ಏನು ಪ್ರಯೋಜನ, ಅಲ್ವಾ?

ಇಷ್ಟು ತುರ್ತಿನ ಮಾತು. ತುರ್ತಲ್ಲದ ದಿನಗಳೇ ಜಾಸ್ತಿ, ಆ ದಿನಗಳ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ.

ತಲೆನೋವು ತೆಗೆದುಕೊಳ್ಳಿ. ನಮಗೆ ತಲೆನೋವು ಬಂದರೆ ಮೊದಲು ಬರುವುದು ಭಯ. ಪೈಪಾ, ಬಿಸಿಲಾ, ಊಟ ತಡವಾಗಿದ್ದಾ? ಮಲಗಿದಾಗ ಜಾಸ್ತಿಯಾಗಿ ಬೆಳಗ್ಗೆ ಕಾಡುವುದು ನೀರು ಇಳಿಯದಿರುವ ಕಡೆ ಬೊಟ್ಟು ಮಾಡುತ್ತದೆ. ಎದ್ದು ನಿಂತಾಗ ಜಾಸ್ತಿಯಾಗಿ ಮಲಗಿದರೆ ಕಮ್ಮಿಯಾಗುವುದು ನೀರು ಜಾಸ್ತಿ ಇಳಿಯುವ ಕಡೆ. ಎಲ್ಲರಲ್ಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಶಂಟ್ ಇರುವವರಿಗೆ ಮೈಗ್ರೇನೂ ಬರಬಹುದು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ: ಎಷ್ಟು ಹೊತ್ತಿಗೆ, ನಿಂತಾಗಲೋ ಮಲಗಿದಾಗಲೋ, ಮಾತ್ರೆ ತಗೊಂಡೆನೋ ಇಲ್ಲವೋ. ಡಾಕ್ಟರಿಗೆ "ಯಾವಾಗ್ಲೂ ನೋವು" ಅಂದರೆ ಏನೂ ತಿಳಿಯುವುದಿಲ್ಲ, ಕ್ಯಾಲೆಂಡರ್ ತೋರಿಸಿದರೆ ತಿಳಿಯುತ್ತದೆ. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಅದಕ್ಕಿಂತ ಜಾಸ್ತಿ ನುಂಗುತ್ತಾ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಶುರುವಾಗುತ್ತದೆ. ಇದು ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ. ಕೆಲಸ ನಿಲ್ಲಬಾರದು ಅಂತ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ಒಲೆ ಮುಂದೆ ನಿಲ್ಲುತ್ತಾರೆ.

ಇನ್ನು ಸುಸ್ತು. ಮೈಮುರಿದು ದುಡಿದ ಮೇಲೆ ಬರುವ ಸುಸ್ತಿನ ಥರ ಅಲ್ಲ ಇದು. ಶಾಲೆ ಅಡ್ಮಿಷನ್ ಸಮಯದಲ್ಲಿ ಹತ್ತು ಜನ ಒಟ್ಟಿಗೆ ಮಾತಾಡುತ್ತಾರೆ, ಫೋನು ಬಡಿದುಕೊಳ್ಳುತ್ತಿರುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಕಣ್ಣು ಅಕ್ಷರ ನೋಡುತ್ತದೆ, ಅರ್ಥ ತಲೆಗೆ ಹೋಗುವುದಿಲ್ಲ. ಮಾತು ನಿಧಾನವಾಗುತ್ತದೆ. ಒಂದರ ಮೇಲೆ ಒಂದು ಕೆಲಸ ಹೇಳಿದರೆ ಎರಡನೆಯದು ಬಿದ್ದುಹೋಗುತ್ತದೆ. ಪೆಟ್ಟು ತಿಂದ ಮಿದುಳು ಅದೇ ಕೆಲಸಕ್ಕೆ ಜಾಸ್ತಿ ಶಕ್ತಿ ಹಾಕಬೇಕಾಗುತ್ತದೆ, ಅದಕ್ಕೇ ಬೇಗ ಖಾಲಿ. ಹೊರಗಿನಿಂದ ನೋಡಿದವರಿಗೆ ಸೋಮಾರಿತನ. ನಮ್ಮ ಹೆಡ್‌ಮಿಸ್ಟ್ರೆಸ್ ಮೇಡಂಗೆ ನಾನು ಇದನ್ನು ಕೂತು ವಿವರಿಸಿದೆ. ಈಗ ಲೆಕ್ಕದ ಕೆಲಸ ಬೆಳಗ್ಗೆ, ಫೈಲ್ ಜೋಡಿಸುವುದು ಮಧ್ಯಾಹ್ನ. ಊಟ ಆದ ಮೇಲೆ ಲೈಬ್ರರಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರುತ್ತೇನೆ. ಇಷ್ಟೇ ಬದಲಾವಣೆ. ನಾನು ಕೆಲಸದಲ್ಲಿ ಉಳಿದಿರುವುದು ಇದರಿಂದ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮೋಸ ಆಗುತ್ತದೆ. ಚಿಕ್ಕಂದಿನಿಂದ ತಲೆಯಲ್ಲಿ ನೀರಿದ್ದ ಎಷ್ಟೋ ಮಕ್ಕಳು ಮಾತಿನಲ್ಲಿ ಬಲು ಚುರುಕು. ದೊಡ್ಡವರ ಥರ ಮಾತಾಡುತ್ತಾರೆ. ಆದರೆ ಲೆಕ್ಕ, ನಕ್ಷೆ, ಬೋರ್ಡ್ ನೋಡಿ ಬರೆಯುವುದು, ಹೋಂವರ್ಕನ್ನು ತಾನೇ ಶುರು ಮಾಡಿ ಮುಗಿಸುವುದು ಕಷ್ಟ. "ಬಾಯಿ ಇದೆ, ಬುದ್ಧಿ ಓದಲ್ಲಿಲ್ಲ" ಅಂತ ಹೊಡೆತ ತಿನ್ನುತ್ತಾರೆ. ಹೊಡೆದರೆ ನರ ಸರಿ ಹೋಗುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಬರೆದು ಕೊಡಿ, ಮುಂದಿನ ಸಾಲಿನಲ್ಲಿ ಕೂರಿಸಿ. ಮಾತು ತಡವಾದ ಮಕ್ಕಳಿಗೆ, ಕಿವಿ ಪರೀಕ್ಷೆಗೆ ನಮ್ಮ ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆ ಮೂಲೆಯಿಂದ ಅಲ್ಲಿಗೆ ಬರುತ್ತಾರೆ, ಮೈಸೂರಿನವರು ನಾವೇ ಹೋಗುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಇದೆ. ಅದರಲ್ಲಿ ಶಂಟ್, ತಲೆಯಲ್ಲಿ ನೀರು ಅಂತ ಹೆಸರು ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ಬಹಳ ಜನ ನಮಗೆ ಬರುವುದಿಲ್ಲ ಅಂತ ಸುಮ್ನೆ ಇದ್ದುಬಿಡುತ್ತಾರೆ. ಅರ್ಜಿ ಹಾಕಬೇಕಾದ್ದು ಆಪರೇಷನ್ ಹೆಸರಿನಲ್ಲಲ್ಲ, ಉಳಿದಿರುವ ತೊಂದರೆಯ ಹೆಸರಿನಲ್ಲಿ. ದೃಷ್ಟಿ ಕಮ್ಮಿ, ಕೈಕಾಲಿನ ಬಲ ಕಮ್ಮಿ, ಬೌದ್ಧಿಕ ತೊಂದರೆ, ಕಲಿಕೆಯ ತೊಂದರೆ, ಎರಡು ಮೂರು ಸೇರಿದ್ದರೆ ಬಹುವಿಧ ಅಂಗವಿಕಲತೆ. 40 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಅಂತ ವೈದ್ಯಕೀಯ ಮಂಡಳಿ ಬರೆದರೆ ಮೀಸಲಾತಿ, ಸೌಲಭ್ಯಗಳಿಗೆ ದಾರಿ. ಬರೆಯುವ ವೇಗಕ್ಕೆ ಅಡ್ಡಿ ಇರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. "ಮಗಳಿಗೆ ಅಂಗವಿಕಲೆ ಅಂತ ಕಾರ್ಡ್ ಮಾಡಿಸಿದರೆ ನಾಳೆ ಗಂಡು ಸಿಗಲ್ಲ" ಅಂತ ನಮ್ಮ ಮನೆಯಲ್ಲೂ ಮಾತು ಬಂದಿತ್ತು. ಕಾರ್ಡ್ ಇಲ್ಲದಿದ್ದರೂ ಕಣ್ಣು ಕಾಣುವುದಿಲ್ಲ, ಅಲ್ವಾ?

ಫಿಟ್ಸ್ ಬಗ್ಗೆ ಬೇಗ ಹೇಳುತ್ತೇನೆ, ನಿಮಗೆಲ್ಲ ಗೊತ್ತಿರುತ್ತದೆ. ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ. ಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ಮೆತ್ತಗಿನದು ಇಡಿ, ಹೊತ್ತು ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಶಿವರಾತ್ರಿ ಜಾಗರಣೆ, ಹಬ್ಬದ ರಾತ್ರಿಯ ನಾಟಕ ಅಂತ ನಿದ್ದೆಗೆಟ್ಟರೆ ಫಿಟ್ಸ್ ಬರುವುದು ಜಾಸ್ತಿ. ಉಪವಾಸ ಅಂತ ಮಾತ್ರೆ ಬಿಡಬೇಡಿ. ಇನ್ನೊಂದು, ಲೆವೆಟಿರಾಸೆಟಮ್ ಅನ್ನುವ ಮಾತ್ರೆಯಿಂದ ಕೆಲವರಿಗೆ ವಿಪರೀತ ಸಿಡುಕು ಬರುತ್ತದೆ, ಮನಸ್ಸು ಕುಗ್ಗುತ್ತದೆ. ಮನೆಯವರು ಕೊಬ್ಬು ಅಂದುಕೊಳ್ಳುತ್ತಾರೆ. ಮಾತ್ರೆ ಶುರುವಾದ ಮೇಲೆ ಸ್ವಭಾವ ಬದಲಾಗಿದ್ದರೆ ಡಾಕ್ಟರಿಗೆ ಹೇಳಿ. ತಾವಾಗಿ ನಿಲ್ಲಿಸಬೇಡಿ.

ನಮ್ಮ ಊರಿನ ಜೀವನದಲ್ಲಿ ಕವಾಟಕ್ಕೆ ಪೆಟ್ಟು ಬೀಳುವ ಸಂದರ್ಭಗಳು ಬೇರೆಯೇ ಇವೆ, ಇವು ಯಾವ ಡಿಸ್ಚಾರ್ಜ್ ಕಾಗದದಲ್ಲೂ ಬರೆದಿರುವುದಿಲ್ಲ. ಮುಡಿ ಕೊಡುವುದು ಅವುಗಳಲ್ಲಿ ಒಂದು. ನಂಜನಗೂಡಿಗೋ ಮಾದಪ್ಪನ ಬೆಟ್ಟಕ್ಕೋ ಹರಕೆ ಹೊತ್ತಿರುತ್ತಾರೆ, ಮಗು ಉಳಿದಿದೆ, ಹರಕೆ ತೀರಿಸಬೇಕು. ಕವಾಟದ ಮೇಲಿನ ಚರ್ಮ ತೆಳು, ಉಬ್ಬಿಕೊಂಡಿರುತ್ತದೆ. ಕತ್ತಿ ತಾಗಿ ಗಾಯವಾದರೆ ಸೋಂಕು ಒಳಗೆ ಹೋಗುವ ದಾರಿ ತೆರೆದ ಹಾಗೆ. ಕೂದಲು ತೆಗೆಯುವವರ ಕೈ ಹಿಡಿದು ಆ ಉಬ್ಬು ಮುಟ್ಟಿಸಿ ತೋರಿಸಿ, ಅಲ್ಲಿ ಕತ್ತರಿ ಆಡಿಸಿದರೆ ಸಾಕು ಅನ್ನಿ. ಮೂರು ಕತ್ತರಿ ಕೂದಲು ಕೊಟ್ಟರೂ ಮುಡಿಯೇ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಕೂಸಿಗೆ ಎಣ್ಣೆ ಹಚ್ಚಿ ತಲೆ ಒತ್ತಿ ಆಕಾರ ತರುವುದು ಬೇಡ. ಸಲೂನಿನಲ್ಲಿ ತಲೆ ಮಾಲೀಷು, ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸುವುದು ಬೇಡ. ಯೋಗದ ಊರು ನಮ್ಮದು, ಎಲ್ಲ ಬೀದಿಯಲ್ಲೂ ಕ್ಲಾಸಿದೆ, ಯೋಗ ಮಾಡಿ, ಒಳ್ಳೆಯದು. ಶೀರ್ಷಾಸನ, ತಲೆಕೆಳಗಾಗುವ ಯಾವುದನ್ನೂ ನಿಮ್ಮ ಸರ್ಜನ್ನರನ್ನು ಕೇಳದೆ ಮಾಡಬೇಡಿ. ಹೊಂದಿಸುವ ಕವಾಟ ಇರುವವರು ಎಂ.ಆರ್.ಐ. ಆದ ಮೇಲೆ ಕವಾಟವನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ಮೊಬೈಲು, ಹೆಡ್‌ಫೋನು, ಆಯಸ್ಕಾಂತ ಇರುವ ಯಾವುದನ್ನೂ ಕವಾಟದಿಂದ ಕನಿಷ್ಠ 5 ಸೆಂ.ಮೀ. ದೂರ ಇಡಿ. ಆ ಕಿವಿಗೆ ಬದಲು ಇನ್ನೊಂದು ಕಿವಿಗೆ ಫೋನ್ ಹಿಡಿದರಾಯಿತು. ಸಂತೆಯಲ್ಲಿ ಮಾರುವ ಆಯಸ್ಕಾಂತದ ಸರ, ದಿಂಬು ನಮಗಲ್ಲ.

ಮದುವೆಯ ಮಾತು. ನೋಡಲು ಬಂದವರಿಗೆ ಹೇಳಬೇಕಾ ಅಂತ ಒಬ್ಬರು ಅಕ್ಕ ನಾನು ಮಾತು ಶುರು ಮಾಡುವ ಮುಂಚೆಯೇ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ಹೇಳಬೇಕು. ಧರ್ಮಕ್ಕೆ ಮಾತ್ರ ಅಲ್ಲ, ರಾತ್ರಿ ತಲೆನೋವು ಬಂದಾಗ ಪಕ್ಕದಲ್ಲಿರುವವನಿಗೆ ಪೈಪ್ ಇರುವುದೇ ಗೊತ್ತಿಲ್ಲದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ನನ್ನ ಯಜಮಾನರಿಗೆ ಎಲ್ಲ ಗೊತ್ತಿದ್ದೇ ಮದುವೆಯಾಯಿತು, ಕೆಲವರು ಗೊತ್ತಾಗಿ ಎದ್ದು ಹೋದರು, ಹೋದವರು ಆಗಲೇ ಹೋಗಿದ್ದು ಒಳ್ಳೆಯದಾಯಿತು. ಶಂಟ್ ಇರುವವರು ಬಸುರಿಯಾಗಬಹುದು, ಹೆರಬಹುದು, ಎಷ್ಟೋ ಜನ ಹೆತ್ತಿದ್ದಾರೆ. ಹೊಟ್ಟೆ ಬೆಳೆದ ಹಾಗೆ ಕೆಳಗಿನ ತುದಿಗೆ ಒತ್ತಡ ಬಂದು ತೊಂದರೆ ಆಗುವುದೂ ಉಂಟು, ಅದಕ್ಕೇ ಹೆರಿಗೆ ಡಾಕ್ಟರೂ ನರದ ಡಾಕ್ಟರೂ ಒಬ್ಬರಿಗೊಬ್ಬರು ಮಾತಾಡುವ ಹಾಗೆ ಮೊದಲಿನಿಂದಲೇ ಮಾಡಿ. ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವ ಹೆಣ್ಣುಮಕ್ಕಳು ಮಗು ಬೇಕು ಅನ್ನುವ ಮುಂಚೆಯೇ ಡಾಕ್ಟರನ್ನು ಕಾಣಬೇಕು. ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ಹಾನಿ ಇದೆ. ಬಸುರಿ ಅಂತ ಗೊತ್ತಾದ ಮೇಲೆ ಹೆದರಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ವಯಸ್ಸಾದವರನ್ನು ಮರೆಯಬಾರದು. ಹೆಜ್ಜೆ ನೆಲಕ್ಕೆ ಅಂಟಿದ ಹಾಗೆ ನಡೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು, ಈ ಮೂರೂ ಸೇರಿದರೆ ಅರಳುಮರಳು ಅಂತ ಮೂಲೆಗೆ ಕೂರಿಸುತ್ತೇವೆ. ಕೆಲವರಲ್ಲಿ ಅದು ತಲೆಯಲ್ಲಿ ನೀರು ಕಟ್ಟಿರುವುದು. 1965ರಲ್ಲಿ ಕೊಲಂಬಿಯಾದ ಸಾಲೊಮನ್ ಹಕೀಮ್ ಮತ್ತು ಅವರ ಜೊತೆಯವರು ಇದನ್ನು ಗುರುತಿಸಿ ಬರೆದರು. ಶಂಟ್ ಹಾಕಿದರೆ ನಡಿಗೆ ಸುಧಾರಿಸಬಹುದು. ಆದರೆ ಇವರಲ್ಲಿ ನೀರು ಜಾಸ್ತಿ ಇಳಿದರೆ ಮಿದುಳಿನ ಮೇಲೆ ರಕ್ತ ಕಟ್ಟುವ ಅಪಾಯ ಇದೆ. ಬಚ್ಚಲಲ್ಲಿ ಜಾರಿ ಬಿದ್ದರೆ, ಆಮೇಲೆ ಮಂಕಾದರೆ, ತಡ ಮಾಡದೆ ಸ್ಕ್ಯಾನ್ ಮಾಡಿಸಿ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವು.

ನಾಗಮಂಗಲದ ಕಡೆಯಿಂದ ಬಂದಿದ್ದ ಒಬ್ಬ ತಂದೆ, "ಪೈಪ್ ಯಾವತ್ತು ತೆಗೀತಾರೆ?" ಅಂತ ಕೇಳಿದರು. ಹೆಚ್ಚಿನವರಿಗೆ ಅದು ಜೀವನಪೂರ್ತಿ ಇರುತ್ತದೆ ಅಣ್ಣ. ವರ್ಷಾನುಗಟ್ಟಲೆ ಚೆನ್ನಾಗಿದ್ದಾನೆ ಅಂದರೆ ಪೈಪ್ ಬೇಡವಾಗಿದೆ ಅಂತಲ್ಲ, ಪೈಪ್ ಕೆಲಸ ಮಾಡುತ್ತಿದೆ ಅಂತಲೂ ಇರಬಹುದು. ಕೆಲವರಿಗೆ, ಮುಖ್ಯವಾಗಿ ನೀರಿನ ದಾರಿ ಒಂದು ಕಡೆ ಮುಚ್ಚಿರುವವರಿಗೆ, ದುರ್ಬೀನಿನಿಂದ ಒಳಗೇ ಇನ್ನೊಂದು ದಾರಿ ಮಾಡುವ ಆಪರೇಷನ್ ಇದೆ. ನಿಮ್ಮ ಮಗನಿಗೆ ಅದು ಹೊಂದುತ್ತದಾ ಅಂತ ಸ್ಕ್ಯಾನ್ ನೋಡಿದ ಸರ್ಜನ್ ಹೇಳಬೇಕು. ಅದಾದವರೂ ಎಚ್ಚರ ತಪ್ಪಬಾರದು, ಆ ದಾರಿಯೂ ಮುಚ್ಚಬಹುದು.

ಒಬ್ಬ ತಾಯಿ, ಮಗಳು ಆಟಕ್ಕೆ ಹೋಗುತ್ತೇನೆ ಅಂತ ಅಳುತ್ತಾಳೆ, ಕಳಿಸಲಾ ಅಂದರು. ಕಳಿಸಿ. ಓಟ, ಶಟಲ್, ಕುಂಟೆಬಿಲ್ಲೆ ಎಲ್ಲ ಆಡಲಿ. ಕಬಡ್ಡಿ, ಕುಸ್ತಿ ಥರ ತಲೆ ಕುತ್ತಿಗೆ ಹಿಡಿದು ಎಳೆಯುವುದನ್ನು ಮಾತ್ರ ಡಾಕ್ಟರನ್ನು ಕೇಳಿ ತೀರ್ಮಾನ ಮಾಡಿ. ಪಿ.ಟಿ. ಮೇಷ್ಟ್ರಿಗೆ ನೀವೇ ಹೋಗಿ ಹೇಳಿ, ಮಗುವಿನ ಕೈಲಿ ಹೇಳಿಸಬೇಡಿ.

ಕೊನೆಯ ಪ್ರಶ್ನೆ ಪಾಂಡವಪುರದ ಹುಡುಗನೊಬ್ಬನದು. ಹೊಸ ಪೈಪ್ ಹಾಕುವಾಗ ಹಳೆಯದರ ತುಂಡನ್ನು ತಲೆಯಲ್ಲೇ ಬಿಟ್ಟಿದ್ದಾರೆ, ಮರೆತುಬಿಟ್ಟರಾ ಅಂತ ಅವನಿಗೆ ಭಯ. ಮರೆತಿದ್ದಲ್ಲ ಮಗಾ. ಎಷ್ಟೋ ವರ್ಷ ಇದ್ದ ಪೈಪಿಗೆ ಒಳಗಿನ ಅಂಗಾಂಶ ಅಂಟಿಕೊಂಡಿರುತ್ತದೆ, ಎಳೆದರೆ ರಕ್ತಸ್ರಾವ ಆಗಬಹುದು ಅಂತ ಬೇಕೆಂದೇ ಬಿಡುತ್ತಾರೆ. ಸೋಂಕು ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಅದರ ಪಾಡಿಗೆ ಇರುತ್ತದೆ. ಎಕ್ಸ್‌ರೇ ತೆಗೆಸುವಾಗ, ಹೊಸ ಡಾಕ್ಟರಿಗೆ ತೋರಿಸುವಾಗ ಮಾತ್ರ ಮೊದಲೇ ಹೇಳು: ಒಂದು ಬದಿಯದು ಹಳೆಯ ತುಂಡು, ಕೆಲಸ ಮಾಡುವ ಪೈಪ್ ಇನ್ನೊಂದು ಬದಿಯದು. ಹೇಳದಿದ್ದರೆ ಆ ತುಂಡನ್ನು ನೋಡಿ ಪೈಪ್ ಮುರಿದಿದೆ ಅಂತ ಗಾಬರಿಯಾಗುತ್ತಾರೆ. ನಿನ್ನ ಫೈಲಿನ ಮೊದಲ ಹಾಳೆಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿಡು.